ಬೆಂಕಿ ಬೇಡ ಅಂದರೆ ಕಾಡು ಉಳಿಯುತ್ತಾ?

ಜನವರಿ ಹೊತ್ತಿಗೆ ಬಂಡೀಪುರದ ರಸ್ತೆಯಲ್ಲಿ ಹೋದರೆ ಇಕ್ಕೆಲಗಳಲ್ಲೂ ಕರ್ರಗೆ ಸುಟ್ಟ ಪಟ್ಟಿ ಕಾಣುತ್ತದೆ. ಯಾರೋ ಕಿಡಿಗೇಡಿಗಳ ಕೆಲಸ ಅಲ್ಲ ಅದು, ಅರಣ್ಯ ಇಲಾಖೆಯವರೇ ಸುಟ್ಟಿದ್ದು. ಬೆಂಕಿ ರೇಖೆ ಅಂತಾರೆ. ಬೇಸಿಗೆಯಲ್ಲಿ ಕಾಡ್ಗಿಚ್ಚು ಓಡಿ ಬಂದರೂ ಅಲ್ಲಿ ಹುಲ್ಲು, ತರಗೆಲೆ ಏನೂ ಉಳಿದಿರುವುದಿಲ್ಲ, ಹಾಗಾಗಿ ಅಲ್ಲಿಗೇ ನಿಲ್ಲಲಿ ಅನ್ನೋ ಲೆಕ್ಕ. ಚಳಿಗಾಲದ ಸಣ್ಣ ಬೆಂಕಿ ಬೇಸಿಗೆಯ ದೊಡ್ಡ ಬೆಂಕಿಯನ್ನು ತಡೆಯುತ್ತದೆ ಅನ್ನುವುದು ಇಲಾಖೆಗೂ ಚೆನ್ನಾಗಿ ಗೊತ್ತು.

ಅದೇ ಕೆಲಸವನ್ನು ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನ ಸೋಲಿಗರು ಮಾಡಿದರೆ ಕೇಸು.

ಸೋಲಿಗರು ಹಿಂದೆ ಜನವರಿ, ಫೆಬ್ರುವರಿಯಲ್ಲಿ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ, ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆ ಮಾತ್ರ ಸುಟ್ಟು ಮುಂದೆ ಸರಿದು ಹೋಗುವ ಗಿಡ್ಡ ಬೆಂಕಿ ಅದು. ಮತ್ತಿ ಮರದ ತೊಗಟೆ ನೋಡಿದ್ದೀರಲ್ಲ, ಮೊಸಳೆ ಚರ್ಮದ ಹಾಗೆ ದಪ್ಪ. ಅಂಥ ಮರಕ್ಕೆ ಈ ಬೆಂಕಿ ಲೆಕ್ಕಕ್ಕೇ ಇಲ್ಲ. ಮಳೆ ಬಿದ್ದ ಮೇಲೆ ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು. ಈ ಬೆಂಕಿಯ ಭಯ ಬ್ರಿಟಿಷರ ಕಾಲದ್ದು. 1864ರಲ್ಲಿ ಅರಣ್ಯ ಇಲಾಖೆ ಕಟ್ಟಿದಾಗ ಅವರಿಗೆ ಕಾಡು ಅಂದರೆ ನಾಟಾ, ನಾಟಾ ಸುಡುವುದೆಲ್ಲ ಶತ್ರು.

ಆಮೇಲೆ ಏನಾಯಿತು? ಲಂಟಾನ ಅನ್ನುವ ಹೊರಗಿನ ಕಳೆ ಪೊದೆ ಬಂತು. ಬಂತು ಅನ್ನುವುದಕ್ಕಿಂತ, ಮೊದಲೇ ಇದ್ದದ್ದು ಹಬ್ಬಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಬೆಟ್ಟದ ಉದ್ದಗಲಕ್ಕೂ ತಾಕುಗಳನ್ನು ಗುರುತು ಮಾಡಿ ನೋಡಿದಾಗ, 1997ರಲ್ಲಿ ಶೇ. 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ಕ್ಕೆ ಶೇ. 81ರಷ್ಟು ತಾಕುಗಳಲ್ಲಿತ್ತು. ಪೊದೆಯ ಕೆಳಗೆ ಹುಲ್ಲಿಲ್ಲ, ಹುಲ್ಲಿಲ್ಲದ ಮೇಲೆ ಕಡವೆಗೆ ಮೇವೆಲ್ಲಿ?

ನೆಲ್ಲಿ ಮರದ ಕತೆ ಇನ್ನೂ ಸ್ವಾರಸ್ಯ. ಅದರ ಕೊಂಬೆಗಳ ಮೇಲೆ ಬಂದಳಕ ಅನ್ನುವ ಪರಾವಲಂಬಿ ಗಿಡ ಬೆಳೆಯುತ್ತದೆ. ಬಂದಳಕದ ಹಣ್ಣು ತಿಂದ ಪುಟಾಣಿ ಹಕ್ಕಿ ಹಿಕ್ಕೆ ಹಾಕಿದಾಗ ಬೀಜ ಅಂಟಿನ ಸಮೇತ ಬಂದು ಕೊಂಬೆಗೆ ಕಚ್ಚಿಕೊಳ್ಳುತ್ತದೆ, ಬೇರು ತೊಗಟೆಯೊಳಗೆ ಇಳಿಯುತ್ತದೆ, ನೀರು ನೆಲ್ಲಿಯದ್ದು, ಊಟ ಮಾತ್ರ ತನ್ನ ಹಸಿರೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಜಾಸ್ತಿ ಆದರೆ ಮರವೇ ಒಣಗುತ್ತದೆ. ತರಗು ಬೆಂಕಿ ಇದ್ದಾಗ ಇದು ಹತೋಟಿಯಲ್ಲಿತ್ತು ಅಂತ ಸೋಲಿಗರು ಹೇಳುತ್ತಾರೆ. ನೆಲ್ಲಿಕಾಯಿ ಮಾರಿ ಬದುಕಿದವರ ಮಾತು, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಹಾಗಂತ ನಾಳೆಯೇ ಬೆಂಕಿ ಹಾಕಿ ಅಂದರೆ ಅದೂ ಕೆಟ್ಟ ಸಲಹೆಯೇ. ಲಂಟಾನ ಹಬ್ಬಿದ್ದಕ್ಕೆ ಬೆಂಕಿ ನಿಂತಿದ್ದೊಂದೇ ಕಾರಣ ಅಂತ ವಿಜ್ಞಾನಿಗಳೆಲ್ಲ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈಗ ನೆಲದ ಮೇಲಿರುವುದು ಬರೀ ತರಗಲ್ಲ. ಆಳೆತ್ತರದ ಲಂಟಾನ ಬೇಸಿಗೆಯಲ್ಲಿ ಒಣಗಿ, ಬೆಂಕಿಗೆ ಮರದ ತಲೆಯವರೆಗೂ ಏಣಿ ಹಾಕಿಕೊಡುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗಿಂತ ಜಾಸ್ತಿ ಕಾಡು ಸುಟ್ಟಿತು. ಕೆಲವೇ ದಿನಗಳಲ್ಲಿ! ಅಷ್ಟು ದೊಡ್ಡ ಬೆಂಕಿಯ ಎದುರು ಸಿಬ್ಬಂದಿ, ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದರು. ಲಂಟಾನ ಸುಟ್ಟರೆ ಸಾಯುವುದೂ ಇಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ.

ಬೆಂಕಿ ಕಾವಲಿಗೆ ದಿನಗೂಲಿ ಮೇಲೆ ಕಾಡಿನ ಜನರನ್ನೇ ಇಟ್ಟುಕೊಳ್ಳುತ್ತಾರೆ. ಆದರೆ ಎಲ್ಲಿ ಸುಡಬೇಕು, ಯಾವಾಗ ಸುಡಬೇಕು ಅಂತ ಅವರನ್ನು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿದೆ. ಕಾಯ್ದೆಯಲ್ಲಿ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕೂ ಇದೆ, ಬರೀ ಜೇನು, ನೆಲ್ಲಿ ತರುವುದಷ್ಟೇ ಅಲ್ಲ.

ಮೊದಲು ಲಂಟಾನ ತೆಗೆಯಬೇಕು, ಅದಾದ ಮೇಲೆ ಸಣ್ಣ ತಾಕಿನಲ್ಲಿ ಬೆಂಕಿ ಹಾಕಿ ನೋಡಬೇಕು. ತೆಗೆಯುವುದಕ್ಕೂ ಕ್ರಮ ಇದೆ: ಬುಡದ ಪಕ್ಕ ಮಣ್ಣು ಕೆದಕಿ, ನೆಲಮಟ್ಟಕ್ಕಿಂತ ಒಂದೆರಡು ಇಂಚು ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಬಿಟ್ಟರೆ ಮತ್ತೆ ಚಿಗುರುವುದಿಲ್ಲ. ಆದರೆ ಪಿಕಳಾರ ಹಕ್ಕಿ ಲಂಟಾನದ ಹಣ್ಣು ತಿಂದು ಬೀಜ ತರುವುದನ್ನು ಯಾರೂ ತಡೆಯಲಾಗುವುದಿಲ್ಲ, ಹಾಗಾಗಿ ಮುಂದಿನ ಎರಡು ಮೂರು ಮಳೆಗಾಲವೂ ಅದೇ ಜಾಗಕ್ಕೆ ಹೋಗಿ ಸಸಿ ಕೀಳುತ್ತಿರಬೇಕು.