ರಿಡಂಡೆನ್ಸಿ: ಮೈಕ್ರೋ ಎಲ್‌ಇಡಿ ಪರದೆಯ ಜೋಡಿ ದೀಪ

‘ರಿಡಂಡೆಂಟ್’ ಅಂದರೆ ನಮ್ಮ ನಿಘಂಟುಗಳಲ್ಲಿ ‘ಅನಗತ್ಯ’, ‘ಬೇಕಾದ್ದಕ್ಕಿಂತ ಹೆಚ್ಚಾದದ್ದು’ ಎಂಬ ಅರ್ಥ ಸಿಗುತ್ತದೆ. ಎಂಜಿನಿಯರುಗಳಿಗೆ ಮಾತ್ರ ‘ರಿಡಂಡೆನ್ಸಿ’ ಬಹಳ ಬೇಕಾದ ವಸ್ತು. ಒಂದು ಭಾಗ ಕೈಕೊಟ್ಟರೂ ಕೆಲಸ ನಿಲ್ಲದಂತೆ ಮೊದಲೇ ಇಟ್ಟುಕೊಂಡ ಇನ್ನೊಂದು ಭಾಗಕ್ಕೆ ಅವರು ಹೀಗೆನ್ನುತ್ತಾರೆ. ಮೈಕ್ರೋ ಎಲ್‌ಇಡಿ ಪರದೆ ಇದಕ್ಕೆ ಒಳ್ಳೆಯ ಉದಾಹರಣೆ.

ಎಲ್‌ಸಿಡಿ ಪರದೆಗೆ ಹಿಂಬದಿಯಲ್ಲಿ ಬೇರೆ ದೀಪ ಬೇಕು. ಮೈಕ್ರೋ ಎಲ್‌ಇಡಿಯಲ್ಲಿ ಹಾಗಲ್ಲ. ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಪುಟ್ಟ ದೀಪಗಳು ತಾವೇ ಉರಿಯುತ್ತವೆ. ಒಂದೊಂದರ ಅಗಲ 0.1 ಮಿಲಿಮೀಟರಿಗಿಂತ ಕಡಿಮೆ. ಇವನ್ನು ವೇಫರ್ ಎಂಬ ದುಂಡು ಬಿಲ್ಲೆಯ ಮೇಲೆ ಬೆಳೆಸಿ, ಅಲ್ಲಿಂದ ಸಾವಿರಗಟ್ಟಲೆ ಒಟ್ಟಿಗೆ ಎತ್ತಿ ಪರದೆಯ ಮೇಲೆ ಕೂರಿಸಬೇಕು. ಕಷ್ಟ ಶುರುವಾಗುವುದೇ ಇಲ್ಲಿ.

ಸುಮ್ನೆ ಒಂದು ಲೆಕ್ಕ ಹಾಕೋಣ. 4ಕೆ ಪರದೆಯಲ್ಲಿ 3840 ಪಿಕ್ಸೆಲ್ ಅಡ್ಡಕ್ಕೆ, 2160 ಪಿಕ್ಸೆಲ್ ಉದ್ದಕ್ಕೆ. ಪಿಕ್ಸೆಲ್‌ಗೆ ಮೂರರಂತೆ ಒಟ್ಟು 2,48,83,200 ದೀಪಗಳು. ಹತ್ತಿರ ಹತ್ತಿರ ಎರಡೂವರೆ ಕೋಟಿ! 10,000 ದೀಪಗಳಲ್ಲಿ ಒಂದೇ ಒಂದು ಕೆಟ್ಟಿದೆ ಎಂದುಕೊಳ್ಳಿ. ಬೇರೆ ಎಷ್ಟೋ ಕಾರ್ಖಾನೆಗಳಲ್ಲಿ ಅದು ಹೆಮ್ಮೆಪಡುವ ಮಟ್ಟ. ಈ ಪರದೆಯಲ್ಲಿ ಮಾತ್ರ ಸುಮಾರು 2,488 ಚುಕ್ಕೆಗಳು ಹೋದಂತಾಯಿತು. 10 ಲಕ್ಷಕ್ಕೆ ಒಂದು ಕೆಟ್ಟರೂ 25 ಚುಕ್ಕೆಗಳು ಉಳಿಯುತ್ತವೆ. ದುಬಾರಿ ಟಿವಿ ಕೊಂಡವರು ಅದನ್ನು ಒಪ್ಪುತ್ತಾರಾ?

ಹೊಲದಲ್ಲಿ ಹತ್ತಿ ಊರುವವರಿಗೆ ಈ ಸಮಸ್ಯೆ ಗೊತ್ತು. ಗುಣಿಗೆ ಎರಡು ಬೀಜ ಹಾಕುತ್ತಾರೆ. ಒಂದು ಹುಟ್ಟದಿದ್ದರೆ ಇನ್ನೊಂದು ಹುಟ್ಟುತ್ತದೆ. ಎರಡೂ ಹುಟ್ಟದೆ ಗುಣಿ ಹುಸಿ ಹೋದರೆ, ಅಲ್ಲಿಗೆ ಮಾತ್ರ ಮತ್ತೆ ಬೀಜ ಹಾಕುತ್ತಾರೆ. ಪರದೆ ಮಾಡುವವರ ದಾರಿಯೂ ಈ ಎರಡೇ. ಹುಸಿ ತುಂಬುವುದಕ್ಕೆ ಅವರು ರಿಪೇರಿ ಎನ್ನುತ್ತಾರೆ. ಮೊದಲೇ ಎರಡು ದೀಪ ಇಡುವುದು ರಿಡಂಡೆನ್ಸಿ.

ಜೋಡಿ ಇಟ್ಟರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಒಂದು ದೀಪ ಕೆಡುವ ಸಾಧ್ಯತೆ 10,000ಕ್ಕೆ 1 ಆದರೆ, ಎರಡೂ ಒಟ್ಟಿಗೆ ಕೆಡುವುದು 10 ಕೋಟಿಗೆ 1. ಅಂದರೆ ನಾಲ್ಕು ಪರದೆ ಮಾಡಿದರೆ ಎಲ್ಲೋ ಒಂದು ಚುಕ್ಕೆ ಹೋದೀತು. ದೀಪಗಳು ಎರಡು ಪಟ್ಟಾದವು, ದೋಷ ಹತ್ತು ಸಾವಿರ ಪಟ್ಟು ಇಳಿಯಿತು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಜಾಗ ಇದು.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಒಂದರ ದೋಷಕ್ಕೂ ಇನ್ನೊಂದರ ದೋಷಕ್ಕೂ ನಂಟಿರಬಾರದು. ಎರಡೂ ಬೀಜ ಒಂದೇ ಕೆಟ್ಟ ಚೀಲದಿಂದ ಬಂದಿದ್ದರೆ ಎರಡೂ ಹುಟ್ಟುವುದಿಲ್ಲ, ಅಲ್ವಾ? ವೇಫರ್‌ನ ಮೇಲೆ ಒಂದು ಧೂಳಿನ ಕಣ ಬಿದ್ದರೆ ಅಕ್ಕಪಕ್ಕದ ಹಲವು ದೀಪಗಳು ಒಟ್ಟಿಗೆ ಹಾಳಾಗುತ್ತವೆ. ಆದ್ದರಿಂದ ಜೋಡಿಯ ಎರಡನೆಯ ದೀಪವನ್ನು ಬೇರೆ ವೇಫರ್‌ನಿಂದಲೋ, ಅದೇ ವೇಫರ್‌ನ ದೂರದ ಮೂಲೆಯಿಂದಲೋ ತರುವುದು ಜಾಣತನ.

ಜೋಡಿಗೆ ತಂತಿ ಕೊಡುವುದರಲ್ಲೂ ಯೋಚನೆ ಬೇಕು. ದೀಪ ಎರಡು ಬಗೆಯಲ್ಲಿ ಕೆಡುತ್ತದೆ. ಒಂದು, ಒಳಗೆ ದಾರಿ ತುಂಡಾಗಿ ಕರೆಂಟೇ ಹರಿಯುವುದಿಲ್ಲ. ಇನ್ನೊಂದು, ಶಾರ್ಟ್ ಆಗಿ ಕರೆಂಟೆಲ್ಲ ಬೆಳಕು ಕೊಡದೆ ಹರಿದುಹೋಗುತ್ತದೆ. ಎರಡು ದೀಪಗಳನ್ನು ಪ್ಯಾರಲಲ್ ಆಗಿ, ಅಂದರೆ ಕರೆಂಟಿಗೆ ಎರಡು ಬೇರೆ ದಾರಿ ಇರುವಂತೆ ಅಕ್ಕಪಕ್ಕ ಜೋಡಿಸಿದರೆ ಮೊದಲನೆಯ ಕಾಯಿಲೆಗೆ ಮದ್ದು ಸಿಕ್ಕಿತು. ಒಂದರ ದಾರಿ ತುಂಡಾದರೆ ಅದರ ಪಾಲಿನ ಕರೆಂಟೂ ಇನ್ನೊಂದಕ್ಕೆ ಹೋಗುತ್ತದೆ, ಹೊಳಪು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದರೆ ಒಂದು ಶಾರ್ಟ್ ಆದರೆ ಚೆನ್ನಾಗಿರುವುದನ್ನೂ ಕತ್ತಲೆಗೆ ತಳ್ಳುತ್ತದೆ. ಆಗ ಕೆಟ್ಟದರ ತಂತಿಯನ್ನು ಲೇಸರ್‌ನಿಂದ ಕತ್ತರಿಸಬೇಕು. ಸೀರೀಸ್ ಆಗಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿದರೆ ಎಲ್ಲ ತಿರುಗುಮುರುಗು. ಶಾರ್ಟ್ ಆದರೆ ಇನ್ನೊಂದು ಉರಿಯುತ್ತಿರುತ್ತದೆ, ಬೆಳಕು ಮಾತ್ರ ಅರ್ಧ. ದಾರಿ ತುಂಡಾದರೆ ಎರಡೂ ಆರುತ್ತವೆ. ತಮ್ಮ ಕಾರ್ಖಾನೆಯಲ್ಲಿ ಯಾವ ದೋಷ ಜಾಸ್ತಿ ಎಂದು ತಿಳಿಯದೆ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

2012ರಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ 55 ಇಂಚಿನ ‘ಕ್ರಿಸ್ಟಲ್ ಎಲ್‌ಇಡಿ’ ಪರದೆ ತೋರಿಸಿತ್ತು. ಅದರಲ್ಲಿ ಸುಮಾರು 60 ಲಕ್ಷ ದೀಪಗಳಿದ್ದವು. 2014ರಲ್ಲಿ ಆಪಲ್ ಕೊಂಡ ಲಕ್ಸ್‌ವ್ಯೂ ಎಂಬ ಸಣ್ಣ ಕಂಪನಿಯ ಪೇಟೆಂಟ್‌ಗಳಲ್ಲಿ ಈ ಜೋಡಿ ದೀಪದ ವಿಚಾರವೂ ಇದೆ.

ಹಾಗಾದರೆ ಎಲ್ಲ ಪರದೆಗೂ ಜೋಡಿ ಇಡಬಾರದೇಕೆ? ಜಾಗ ಮತ್ತು ಹಣ. 110 ಇಂಚಿನ 4ಕೆ ಟಿವಿಯಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.63 ಮಿಲಿಮೀಟರ್. ಅಲ್ಲಿ ಪುಟ್ಟ ದೀಪಗಳ ನಡುವೆ ಖಾಲಿ ಜಾಗ ಬೇಕಾದಷ್ಟಿದೆ. ಕೈಗಡಿಯಾರದ ಪರದೆಯಲ್ಲಿ ಜಾಗಕ್ಕೆ ತತ್ವಾರ. ಕೆಲವರು ಎರಡನೆಯ ದೀಪಕ್ಕೆ ಜಾಗ ಮಾತ್ರ ಬಿಟ್ಟು, ಪರೀಕ್ಷೆಯಲ್ಲಿ ಮೊದಲನೆಯದು ಸೋತರಷ್ಟೇ ತುಂಬುತ್ತಾರೆ.

ಇಷ್ಟಾದರೂ ಉಳಿಯುವ ದೋಷಗಳಿಗೆ ನಮ್ಮ ಕಣ್ಣೇ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಬಿಳಿ ಬಣ್ಣದ ಹೊಳಪಿನಲ್ಲಿ ಸುಮಾರು ಶೇಕಡಾ 70ರಷ್ಟು ಹಸಿರಿನದು, ನೀಲಿಯದು ಶೇಕಡಾ 10ಕ್ಕೂ ಕಡಿಮೆ. ನೀಲಿ ಚುಕ್ಕೆ ಆರಿದರೆ ಬೇಗ ಗೊತ್ತಾಗುವುದಿಲ್ಲ. ಹಸಿರು ಆರಿದರೆ ಕಾಣುತ್ತದೆ. ಇರುವುದೇ ಸ್ವಲ್ಪ ಜಾಗವಾದರೆ ಮೀಸಲು ದೀಪ ಮೊದಲು ಹಸಿರಿಗೆ ಕೊಡುವುದೇ ಸರಿ ಎಂದು ನನಗನ್ನಿಸುತ್ತದೆ. ಸುತ್ತಲಿನ ಪಿಕ್ಸೆಲ್‌ಗಳನ್ನು ತುಸು ಜಾಸ್ತಿ ಉರಿಸಿಯೂ ಆರಿದ ಚುಕ್ಕೆಯನ್ನು ಮರೆಮಾಡಬಹುದು. ಎಲ್ಲಕ್ಕಿಂತ ಕಣ್ಣು ಕುಕ್ಕುವುದು ಕತ್ತಲೆ ದೃಶ್ಯದಲ್ಲೂ ಆರದೆ ಉರಿಯುತ್ತಲೇ ಇರುವ ಚುಕ್ಕೆ. ಬೇರೆ ದಾರಿ ಇಲ್ಲದಾಗ ಅದನ್ನು ಬೇಕೆಂದೇ ಲೇಸರ್‌ನಿಂದ ಆರಿಸಿಬಿಡುತ್ತಾರೆ.