ಶೆಲ್ ಬೇರೆ, ಕ್ಯಾಪ್ಸೂಲ್ ಬೇರೆ: ಸ್ತನ ಇಂಪ್ಲಾಂಟ್ ಟಿಪ್ಪಣಿ

ಮೊನ್ನೆ ಹುಬ್ಬಳ್ಳಿಯಲ್ಲಿ ರೇಡಿಯಾಲಜಿ ಪೋಸ್ಟಿಂಗ್‌ನಲ್ಲಿ ಒಂದು ಎಂಆರ್‌ಐ ನೋಡಿ, "ಅಂಚು ದುಂಡಗಿದೆ ಮೇಡಂ, ಇಂಪ್ಲಾಂಟ್ ಒಡೆದಿಲ್ಲ" ಅಂದೆ. "ಹೊರಗ ಕಾಣೋ ಗೆರಿ ಶೆಲ್ ಅಂತ ನಿನಗ ಯಾರು ಹೇಳಿದ್ರವಾ?" ಅಂದರು. ಬಾಯಿ ಕಟ್ಟಿತು. ರಾತ್ರಿ ವಿದ್ಯಾನಗರದ ರೂಮಿಗೆ ಬಂದು ಬರೆದುಕೊಂಡಿದ್ದು ಇದು.

ಶೆಲ್ ಅಂದರೆ ಫ್ಯಾಕ್ಟರಿಯಿಂದ ಬಂದ ಸಿಲಿಕೋನ್ ಚೀಲ, ಒಳಗೆ ಉಪ್ಪುನೀರು (ಸಲೈನ್) ಅಥವಾ ಸಿಲಿಕೋನ್ ಜೆಲ್ ತುಂಬಿರುತ್ತದೆ. ಕ್ಯಾಪ್ಸೂಲ್ ಅಂದರೆ ದೇಹ ಅದರ ಸುತ್ತ ತಾನೇ ಕಟ್ಟಿಕೊಳ್ಳುವ ನಾರಿನ ಪೊರೆ. ಪೊರೆ ಕಟ್ಟುವುದು ಕಾಯಿಲೆ ಅಲ್ಲ. ಅದು ಬಿಗಿದು ಹಿಂಡಿದರೆ ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಈ ಬಿಗಿತ ಅಳೆಯುವುದು ಬೇಕರ್ ಗ್ರೇಡ್‌ನಲ್ಲಿ: 1 ಮೆತ್ತಗೆ, 2 ಕೈಗೆ ಸ್ವಲ್ಪ ಗಟ್ಟಿ, 3 ಕಣ್ಣಿಗೂ ಗೊತ್ತಾಗುತ್ತದೆ, 4ರಲ್ಲಿ ನೋವೂ ಸೇರುತ್ತದೆ. ವೈವಾಗೆ ಇಷ್ಟು ಸಾಕು.

ಸಲೈನ್ ತುಂಬಿದ್ದು ಸೋರಿದರೆ ಉಪ್ಪುನೀರನ್ನು ದೇಹ ಹೀರಿಕೊಳ್ಳುತ್ತದೆ, ಸ್ತನ ಇಳಿದುಬಿಡುತ್ತದೆ. ನೋಡಿದರೇ ಗೊತ್ತಾಗುತ್ತದೆ. ಕಷ್ಟ ಇರುವುದು ಸಿಲಿಕೋನ್ ಜೆಲ್‌ನದ್ದು.

ನಾನು ಹಾಲಿನ ಪಾಕೀಟು ತಗೊಂಡು ಪ್ಲಾಸ್ಟಿಕ್ ಪಿಶವಿಯಲ್ಲಿಟ್ಟೆ. ಪಾಕೀಟು ಶೆಲ್, ಹಾಲು ಜೆಲ್, ಪಿಶವಿ ಕ್ಯಾಪ್ಸೂಲ್. ಪಾಕೀಟು ಹರಿದರೂ ಹಾಲು ಪಿಶವಿಯಲ್ಲೇ ಇರುತ್ತದೆ, ಹೊರಗಿನ ಆಕಾರ ಹಾಗೇ. ಇದು ಇಂಟ್ರಾಕ್ಯಾಪ್ಸುಲರ್ ರಪ್ಚರ್, ಅಂದರೆ ಪೊರೆಯೊಳಗೇ ಉಳಿದ ಒಡಕು. ನಾನು ದುಂಡಗಿದೆ ಅಂದಿದ್ದು ಪಿಶವಿಯ ಅಂಚನ್ನು! ಪಿಶವಿಯೂ ಹರಿದು ಹಾಲು ಆಚೆ ಬಂದರೆ ಎಕ್ಸ್‌ಟ್ರಾಕ್ಯಾಪ್ಸುಲರ್.

ಈಗ ನಿರಿಗೆ. ಒಡೆಯದ ಶೆಲ್ ಕೂಡ ಅಲ್ಲಲ್ಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಒಳಗೆ ಗೆರೆ ಕಂಡ ಕೂಡಲೇ ರಪ್ಚರ್ ಅನ್ನಬಾರದು. ಪಾಕೀಟನ್ನು ಬೆರಳಿನಿಂದ ಒಳಕ್ಕೆ ಒತ್ತಿ ನೋಡಿ. ಬೆರಳಿನ ಎರಡೂ ಕಡೆ ಹಾಲಿದೆ, ಆದರೂ ಬೆರಳು ಒಣಗೇ ಇದೆ, ಅಲ್ವಾ? ಅದು ಇನ್ನೂ ಪಾಕೀಟಿನ ಹೊರಗೇ ಇದೆ. ನಿರಿಗೆಯ ಎರಡು ಪದರಗಳ ನಡುವಿನ ಜಾಗ ಅಂದರೆ ಈ ಬೆರಳಿನ ಜಾಗ. ಅಲ್ಲಿ ಸಿಲಿಕೋನ್ ಕಂಡರೆ ಬೆರಳು ಒದ್ದೆಯಾದ ಹಾಗೆ: ಎಲ್ಲೋ ತೂತಾಗಿದೆ. ಇದೇ ಕೀಹೋಲ್ ಸೈನ್. ಒಂದು ತೊಡಕಿದೆ. ಹರಿಯದ ಶೆಲ್‌ನಿಂದಲೂ ಸಿಲಿಕೋನ್ ಸ್ವಲ್ಪ ಜಿನುಗುತ್ತದೆ, ಅದಕ್ಕೆ ಜೆಲ್ ಬ್ಲೀಡ್ ಅಂತಾರೆ. ಅದೂ ಬೆರಳನ್ನು ಒದ್ದೆ ಮಾಡಬಹುದು. ಒಂದೇ ಗುರುತು ಹಿಡಿದು ರಿಪೋರ್ಟ್ ಬರೆಯಬೇಡಿ.

ಗೆರೆಯ ತುದಿಯನ್ನೂ ಹುಡುಕಿ. ನಿರಿಗೆ ಅಂಚಿಗೆ ಅಂಟಿಕೊಂಡಿರುತ್ತದೆ, ಎರಡು ಪದರ ಆದ್ದರಿಂದ ದಪ್ಪ. ಪೂರ್ತಿ ಕುಸಿದ ಶೆಲ್ ಜೆಲ್‌ನಲ್ಲಿ ತೆಳುವಾಗಿ, ಅಂಕುಡೊಂಕಾಗಿ ತೇಲುತ್ತದೆ. ಪುಸ್ತಕದಲ್ಲಿ ಲಿಂಗ್ವಿನಿ ಸೈನ್, ನನ್ನ ನೋಟ್‌ಬುಕ್ಕಿನಲ್ಲಿ ಪಾಯಸದ ಶ್ಯಾವಿಗೆ.

ಅಲ್ಟ್ರಾಸೌಂಡ್‌ನಲ್ಲಿ ಅದೇ ಕುಸಿದ ಶೆಲ್ ಏಣಿ ಮೆಟ್ಟಿಲಿನ ಹಾಗೆ, ಸ್ಟೆಪ್‌ಲ್ಯಾಡರ್. ಆಚೆ ಬಂದ ಸಿಲಿಕೋನ್ ಸ್ನೋಸ್ಟಾರ್ಮ್. ಹಿಮ ನೋಡಿದವರು ಯಾರು? ಗಿರಣಿಯಲ್ಲಿ ಜೋಳದ ಹಿಟ್ಟು ಹಾರುವುದನ್ನು ನೆನಪಿಡಿ, ಹಿಂದಿನದೆಲ್ಲ ಮಸುಕು.

ಒಡೆಯಲು ಕಾರಣ ಕೇಳಿದರೆ ಪೆಟ್ಟು ಅಂತ ಸುಮ್ನೆ ಹೇಳಬೇಡಿ. ಶೆಲ್ ಹಳೆಯದಾಗುವುದು, ನಿರಿಗೆ ಬಿದ್ದ ಜಾಗ ಸವೆಯುವುದು, ಆಪರೇಷನ್‌ನಲ್ಲಿ ಸೂಜಿ ತಾಗುವುದು ಇವೂ ಇವೆ. ಜೆಲ್ ಇಂಪ್ಲಾಂಟ್ ಒಡೆದರೂ ಎಷ್ಟೋ ಸಲ ನೋವೂ ಇಲ್ಲ, ಗಂಟೂ ಇಲ್ಲ. ಅದಕ್ಕೇ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದು: ಏನೂ ತೊಂದರೆ ಇಲ್ಲದಿದ್ದರೂ ಆಪರೇಷನ್ ಆಗಿ 5-6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ.