ಏಜೆಂಟ್ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಕೇಳಿ

"ಸರ್, ಇನ್ಮುಂದ ಎಐ ತಾನs ಜಿಎಸ್‌ಟಿ ರಿಟರ್ನ್ ತುಂಬತೈತಂತ, ಖರೇ ಏನ್ರೀ?" ಉದ್ಯಮಬಾಗ್‌ನ ಫೌಂಡ್ರಿ, ಮಷಿನ್ ಶಾಪ್ ಮಾಲೀಕರು ಈಗೀಗ ಇದನ್ನೇ ಜಾಸ್ತಿ ಕೇಳುತ್ತಾರೆ. ಬೆಳಗಾವಿಯ ಸಣ್ಣ ಕಾರ್ಖಾನೆಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟು ನೋಡಿಕೊಳ್ಳುವುದು ನನ್ನ ಕಸುಬು. ನನ್ನ ಉತ್ತರ ಇಷ್ಟೇ: ತುಂಬಲಿ, ಆದರೆ ಫೈಲ್ ಮಾಡುವ ಬಟನ್ ಮಾತ್ರ ನೀವೇ ಒತ್ತಿ.

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಾಗ ಕೇಳಿದ್ದಕ್ಕೆ ಉತ್ತರ ಬರೆದುಕೊಡುತ್ತಿತ್ತು, ಅಷ್ಟೇ. ಈಗ ಬಂದಿರುವ ಎಐ ಏಜೆಂಟ್ ಹಾಗಲ್ಲ. ಕೆಲಸ ಹೇಳಿ ಬಿಟ್ಟರೆ ತಾನೇ ಮಾಡಿ ಮುಗಿಸಬೇಕು. 2024ರ ಅಕ್ಟೋಬರ್‌ನಲ್ಲಿ ಆಂಥ್ರೊಪಿಕ್ ತನ್ನ ಕ್ಲಾಡ್‌ಗೆ ಕಂಪ್ಯೂಟರ್ ಬಳಸುವುದನ್ನು ಕಲಿಸಿತು. ಡಿಸೆಂಬರ್‌ನಲ್ಲಿ ಗೂಗಲ್ ಇಂಥದ್ದೇ ಪ್ರಾಜೆಕ್ಟ್ ಮರೀನರ್ ತೋರಿಸಿತು. 2025ರ ಜನವರಿಯಲ್ಲಿ ಓಪನ್‌ಎಐ ಆಪರೇಟರ್ ಬಿಟ್ಟಿತು, ಮಾರ್ಚ್‌ನಲ್ಲಿ ಚೀನೀ ಎಂಜಿನಿಯರ್‌ಗಳ ಮ್ಯಾನಸ್ ಬಂತು. ಮೈಕ್ರೋಸಾಫ್ಟ್, ಸೇಲ್ಸ್‌ಫೋರ್ಸ್ ಕೂಡ ಸುಮ್ನೆ ಕೂತಿಲ್ಲ. ಎಲ್ಲರ ಪೈಪೋಟಿಯೂ ಒಂದೇ ಕಡೆಗೆ: ಮನುಷ್ಯರನ್ನು ಕೇಳದೆ ಯಾರ ಏಜೆಂಟ್ ಹೆಚ್ಚು ದೂರ ಹೋಗುತ್ತದೆ? ಡೆಮೊದಲ್ಲಿ ಚಪ್ಪಾಳೆ ಬೀಳುವುದೂ ಅದಕ್ಕೇ.

ಒಳಗೆ ನಡೆಯುವುದು ಮ್ಯಾಜಿಕ್ ಏನಲ್ಲ. ಪರದೆಯ ಫೋಟೋ ತೆಗೆಯುತ್ತದೆ, ಎಲ್ಲಿ ಏನಿದೆ ಅಂತ ಓದುತ್ತದೆ, ಒಂದು ಕಡೆ ಕ್ಲಿಕ್ ಮಾಡುತ್ತದೆ, ಮತ್ತೆ ಫೋಟೋ. ಹೀಗೆ ಹತ್ತಾರು ಹೆಜ್ಜೆ. ತೊಡಕು ಇರುವುದೂ ಇಲ್ಲೇ. ಪ್ರತಿ ಹೆಜ್ಜೆ ಶೇ. 95ರಷ್ಟು ಸರಿ ಇರುತ್ತದೆ ಅಂದುಕೊಳ್ಳಿ. ಚೆನ್ನಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ 20 ಹೆಜ್ಜೆಯ ಕೆಲಸ ಪೂರ್ತಿ ಸರಿ ಬರುವ ಸಾಧ್ಯತೆ ಆಗ ಶೇ. 36 ಮಾತ್ರ. ಶೇ. 99 ಆದರೂ ಸುಮಾರು ಐದರಲ್ಲಿ ಒಂದು ಸಲ ಎಡವುತ್ತದೆ. ನಡುವೆ ತಪ್ಪು ಕಂಡು ತಾನೇ ತಿದ್ದಿಕೊಳ್ಳುವ ಏಜೆಂಟ್‌ಗಳೂ ಇವೆ, ನಿಜ. ಆದರೆ ಕೆಲವು ತಪ್ಪು ಕಣ್ಣಿಗೆ ಬೀಳುವಂಥವಲ್ಲ.

ಒಂದು ಉದಾಹರಣೆ ನೋಡಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರ್‌ಗಳು ನಮಗೆ ಮಾರಿದ್ದಾಗಿ ತೋರಿಸಿದ ಬಿಲ್‌ಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುತ್ತದೆ. ಸಪ್ಲೈಯರ್ ತೋರಿಸಿದ ಬಿಲ್ಲನ್ನು ನಮ್ಮ ಖರೀದಿ ಪುಸ್ತಕಕ್ಕೆ ತಾಳೆ ಹಾಕಬೇಕು. ತಾಳೆಯಾದ ಬಿಲ್ಲಿನ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದೇ ಕ್ರೆಡಿಟ್. ಕೊಲ್ಹಾಪುರದಿಂದ ಪಿಗ್ ಐರನ್ ತರಿಸಿದ್ದೀರಿ. ಬಿಲ್ ನಂಬರ್ ಪೋರ್ಟಲ್‌ನಲ್ಲಿ "ಕೆಪಿ/0087/25-26", ನಿಮ್ಮ ಹುಡುಗ ಟೈಪ್ ಮಾಡಿದ್ದು ಬರೀ "87". ಇದೆಲ್ಲ ಒಂದೇ ಅಂತ ಏಜೆಂಟ್ ಚಕ್ಕನೆ ಹಿಡಿಯುತ್ತದೆ. ಆದರೆ ಅದೇ ಸಪ್ಲೈಯರ್ ಕಳೆದ ವರ್ಷದ 87ನೇ ಬಿಲ್ಲನ್ನು ತಡವಾಗಿ ಈ ತಿಂಗಳು ತೋರಿಸಿದ್ದರೆ? ಮೊತ್ತವೂ ಹತ್ತಿರ ಹತ್ತಿರ ಇದ್ದರೆ? ಹಳೆ ಅಕೌಂಟೆಂಟ್ ಆದರೆ "ಇದು ಹೋದ ವರ್ಷದ ಬಿಲ್ ಐತಲ್ರೀ" ಅಂತ ಫೋನ್ ಎತ್ತುತ್ತಾರೆ. ಏಜೆಂಟ್ ಹಸಿರು ಟಿಕ್ ಹಾಕಿ ಮುಂದಕ್ಕೆ ಹೋಗಬಹುದು. ತಪ್ಪಾಗಿ ಪಡೆದು ಬಳಸಿದ ಕ್ರೆಡಿಟ್‌ಗೆ ವರ್ಷಕ್ಕೆ ಶೇ. 18 ಬಡ್ಡಿ. ನೋಟಿಸ್ ಬರುವುದು ಏಜೆಂಟ್ ಮಾಡಿದ ಕ್ಯಾಲಿಫೋರ್ನಿಯಾದ ಕಂಪನಿಗಲ್ಲ, ನಿಮ್ಮ ಹೆಸರಿಗೆ.

"ಅದು ಮಾಡಿದ್ದು, ನಾನಲ್ಲ" ಅಂತ ಹೇಳಿ ನೋಡಿದವರೂ ಇದ್ದಾರೆ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ನಿಯಮವನ್ನು ತಪ್ಪಾಗಿ ಹೇಳಿತ್ತು. ತನ್ನ ಮಾತಿಗೆ ಬಾಟ್ ತಾನೇ ಹೊಣೆ ಅಂತ ಕಂಪನಿ ವಾದಿಸಿತು. 2024ರ ಫೆಬ್ರುವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ಅದಿನ್ನೂ ಬರೀ ಮಾತಾಡುವ ಬಾಟ್!

ಇನ್ನೊಂದು ಅಪಾಯ ಮೇಲ್‌ನಿಂದ ಬರುತ್ತದೆ. ಕೊಟೇಶನ್ ಪಿಡಿಎಫ್‌ನಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ "ಹಳೆಯ ಬ್ಯಾಂಕ್ ಖಾತೆ ಬಿಟ್ಟು ಈ ಹೊಸ ಖಾತೆಗೆ ಹಣ ಹಾಕು" ಅಂತ ಬರೆದಿಟ್ಟರೆ ನಿಮಗೆ ಕಾಣುವುದಿಲ್ಲ, ಏಜೆಂಟ್ ಓದುತ್ತದೆ. ಓದಿದ್ದು ಮಾಲೀಕರ ಮಾತೋ ಕಳ್ಳನ ಮಾತೋ ಅಂತ ಪ್ರತಿ ಸಲ ಬೇರ್ಪಡಿಸಲು ಇವತ್ತಿಗೂ ಯಾವ ಕಂಪನಿಗೂ ಪೂರ್ತಿ ಆಗಿಲ್ಲ.

ಹಾಗಂತ ದೂರ ಇಡಿ ಅನ್ನುತ್ತಿಲ್ಲ. ಬಿಲ್ ಓದಿ ಎಂಟ್ರಿ ತಯಾರಿಸುವುದು, 2ಬಿ ತಾಳೆ ಹಾಕಿ ಅನುಮಾನ ಇದ್ದವನ್ನು ಬೇರೆ ಮಾಡುವುದು, ಬಾಕಿದಾರರಿಗೆ ಮೇಲ್ ಬರೆದು ಕಳಿಸದೆ ಡ್ರಾಫ್ಟ್‌ನಲ್ಲಿ ಇಡುವುದು, ಇದೆಲ್ಲ ಧಾರಾಳವಾಗಿ ಕೊಡಿ. ಬ್ಯಾಂಕ್ ಪಾಸ್‌ವರ್ಡ್, ಡಿಎಸ್‌ಸಿ (ಡಿಜಿಟಲ್ ಸಹಿ), ಓಟಿಪಿ ಮಾತ್ರ ಕೊಡಬೇಡಿ. ರಿಟರ್ನ್‌ನ ಓಟಿಪಿ ನಿಮ್ಮ ಮೊಬೈಲ್‌ಗೇ ಬರುವುದು ಕಿರಿಕಿರಿ ಅನ್ನಿಸಬಹುದು. ಸದ್ಯಕ್ಕೆ ನಮಗಿರುವ ಒಳ್ಳೆಯ ಬ್ರೇಕ್ ಅದೇ.

ಯಾರಾದರೂ ಏಜೆಂಟ್ ಮಾರಲು ಬಂದರೆ ಅವರ ಡೆಮೊ ನೋಡಬೇಡಿ. ಹೋದ ವರ್ಷದ ಮುಗಿದುಹೋದ ಒಂದು ತಿಂಗಳ ಡೇಟಾ ಕಾಪಿ ಮಾಡಿ ಕೊಡಿ, ಉತ್ತರ ನಿಮಗೆ ಗೊತ್ತಿರುವ ತಿಂಗಳು. ಬಿಲ್ ನಂಬರ್ ಹೇಗೆಂದರೆ ಹಾಗೆ ಬರೆಯುವ ಸಪ್ಲೈಯರ್ ಒಬ್ಬರು ಅದರಲ್ಲಿ ಇರಲೇಬೇಕು. ಎಷ್ಟು ಬೇಗ ಮುಗಿಸಿತು ಅನ್ನುವುದು ಆಮೇಲೆ. ಎಷ್ಟು ಕಡೆ ನಿಂತು "ಇದು ನನಗೆ ತಿಳಿಯುತ್ತಿಲ್ಲ" ಅಂತ ಕೇಳಿತು, ಅದನ್ನು ಎಣಿಸಿ.